ಜೊಲ್ಲಿನಲ್ಲಿ ಸಿಕ್ಕ ಸಕ್ಕರೆ

ಮೆಲುಕು ಹಾಕುವ ಹಸುವಿನ ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯೋದನ್ನ ಹಳ್ಳಿ ಹುಡುಗರೆಲ್ಲ ನೋಡಿರ್ತೀವಿ. ನೀರಿನಂತೆ ಹನಿಹನಿಯಾಗಿ ಬೀಳದೆ ಅದು ಎಳೆಯಾಗೋದು ಯಾಕೆ? ಮ್ಯೂಸಿನ್ ಎಂಬ ಪ್ರೋಟೀನಿನಿಂದ. ಅದೊಂದು ಉದ್ದನೆಯ ದಾರ. ಮೈತುಂಬ ಸಕ್ಕರೆಯ ಪುಟ್ಟ ಸರಗಳು. ಆ ಸರಗಳಲ್ಲಿ ಯಾವ ಸಕ್ಕರೆ ಯಾವುದಕ್ಕೆ ಅಂಟಿದೆ ಅಂತ ಓದೋಕೆ ಮೂರು ದಶಕ ಹಿಡೀತು.

ಪ್ರೋಟೀನಿನ ಜೋಡಣೆ ಜೀನಿನಲ್ಲೇ ಬರೆದಿರುತ್ತೆ. ಸಕ್ಕರೆ ಸರದ್ದು ಹಾಗಲ್ಲ, ಕಿಣ್ವಗಳು ಒಂದೊಂದೇ ಮಣಿ ಪೋಣಿಸುತ್ತವೆ. ನಮ್ಮ ಭಾಷೇಲಿ ಹೇಳೋದಾದ್ರೆ ಸೋರ್ಸ್ ಕೋಡ್ ಇಲ್ಲ, ಔಟ್‌ಪುಟ್ ಬಿಚ್ಚಿ ನೋಡಿಯೇ ತಿಳೀಬೇಕು.

1936ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಗುನ್ನಾರ್ ಬ್ಲಿಕ್ಸ್ ದನದ ಜೊಲ್ಲುಗ್ರಂಥಿಯ ಮ್ಯೂಸಿನ್‌ನಿಂದ ಒಂದು ಆಮ್ಲದ ಹರಳು ತೆಗೆದರು. ಮುಂದೆ ಅದಕ್ಕೆ ಸಿಯಾಲಿಕ್ ಆಮ್ಲ ಅಂತ ಹೆಸರಾಯ್ತು. ಗ್ರೀಕ್‌ನಲ್ಲಿ ಸಿಯಾಲಾನ್ ಅಂದ್ರೆ ಜೊಲ್ಲು.

ಮುಂದಿನ ಕೊಂಡಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಯಹೂದಿ ಮೂಲದ ವೈದ್ಯ ಆಲ್ಫ್ರೆಡ್ ಗಾಟ್‌ಶಾಕ್ 1939ರಲ್ಲಿ ಹಿಟ್ಲರನ ಜರ್ಮನಿ ಬಿಟ್ಟು ಅಲ್ಲಿಗೆ ಬಂದಿದ್ದರು. ಅವರು ಸೇರಿದ ಸಂಸ್ಥೆಯಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಫ್ಲೂ ವೈರಸ್ಸಿನ ಬೆನ್ನು ಹತ್ತಿದ್ದರು. ಈ ವೈರಸ್ ಕೆಂಪು ರಕ್ತಕಣಕ್ಕೆ ಅಂಟುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಬಿಡಿಸಿಕೊಳ್ಳುತ್ತೆ. ಅದರ ಕಿಣ್ವ ಕತ್ತರಿಸೋದು ಸಿಯಾಲಿಕ್ ಆಮ್ಲವನ್ನೇ ಅಂತ ಗಾಟ್‌ಶಾಕ್ ತೋರಿಸಿದರು. ಆ ಆಮ್ಲ ಧಾರಾಳವಾಗಿ ಇದ್ದದ್ದು ಜೊಲ್ಲಿನಲ್ಲಿ. ಹಾಗಾಗಿ ಜೊಲ್ಲಿನ ಸರ ಓದೋದು ಫ್ಲೂವಿನ ಗುಟ್ಟು ಓದಿದಂತೆಯೇ ಆಯ್ತು.

1960ರ ಹೊತ್ತಿಗೆ ಅವರು ದನದ ಮ್ಯೂಸಿನ್‌ನ ಮುಖ್ಯ ಸರವನ್ನ ಓದಿದ್ದರು. ಅದರಲ್ಲಿ ಇದ್ದದ್ದು ಎರಡೇ ಮಣಿ: ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್, ಅದರ ತುದಿಗೆ ಸಿಯಾಲಿಕ್ ಆಮ್ಲ. ಈ ಆಮ್ಲಗಳ ಋಣ ವಿದ್ಯುದಂಶ ಒಂದನ್ನೊಂದು ದೂಡುತ್ತೆ, ದಾರ ಬಿಗಿಯಾಗಿ ಚಾಚಿಕೊಳ್ಳುತ್ತೆ. ಜೊಲ್ಲಿನ ಎಳೆತನಕ್ಕೆ ಇದೇ ಕಾರಣ.

ಹಂದಿಯ ಸರ ಇನ್ನೂ ತೊಡಕಿನದು. ಕ್ಷಾರ ಹಾಕಿದ್ರೆ ಸರವೇನೋ ಕಳಚುತ್ತೆ, ಆದರೆ ಕಳಚಿದ ತುದಿಯಿಂದಲೇ ಬಿಚ್ಚಿಹೋಗೋಕೆ ಶುರುವಾಗುತ್ತೆ. ಜೊತೆಗೆ ಬೋರೋಹೈಡ್ರೈಡ್ ಹಾಕಿದ್ರೆ ಆ ತುದಿಗೆ ಗಂಟು ಬಿದ್ದಂತೆ. 1968ರಲ್ಲಿ ಅಮೆರಿಕದ ಡಾನ್ ಕಾರ್ಲ್‌ಸನ್ ಹೀಗೆ ಐದು ಮಣಿಯವರೆಗಿನ ಸರಗಳನ್ನ ಓದಿದರು. ಕೆಲವು ಹಂದಿಗಳ ಸರದ ತುದಿಯಲ್ಲಿ ನಮ್ಮ ಎ ರಕ್ತಗುಂಪಿನ ಜೋಡಣೆಯೇ ಸಿಕ್ಕಿತು!

ನಮ್ಮ ಗಂಟಲಿಗೆ ಬಂದ ಫ್ಲೂ ವೈರಸ್ಸನ್ನೂ ಮೊದಲು ಹಿಡಿಯೋದು ಇಂಥ ಲೋಳೆಯೇ. ವೈರಸ್ ತನ್ನ ಕಿಣ್ವದ ಕತ್ತರಿಯಿಂದ ಬಿಡಿಸಿಕೊಂಡು ಮುಂದೆ ಹೋಗುತ್ತೆ. ಆ ಕತ್ತರಿಯನ್ನೇ ಕಟ್ಟಿಹಾಕುವ ರೆಲೆಂಜಾ, ಟಾಮಿಫ್ಲೂ ಮಾರುಕಟ್ಟೆಗೆ ಬಂದಿದ್ದು 1999ರಲ್ಲಿ. ಗಾಟ್‌ಶಾಕ್ ತೀರಿಕೊಂಡು ಆಗಲೇ 26 ವರ್ಷ ಆಗಿತ್ತು.