ಬರ್ಲಿನ್ ರೋಗಿಗೊಂದು ಹೆಸರು

2008ರ ಫೆಬ್ರವರಿಯಲ್ಲಿ ಬಾಸ್ಟನ್ ನಗರದಲ್ಲಿ ಏಡ್ಸ್ ಸಂಶೋಧಕರ ಸಮ್ಮೇಳನ ನಡೆಯಿತು. ಅಲ್ಲಿದ್ದ ಪೋಸ್ಟರುಗಳಲ್ಲಿ ಬರ್ಲಿನ್ನಿನಿಂದ ಬಂದದ್ದೂ ಒಂದು. ಎಚ್‌ಐವಿ ಸೋಂಕಿತರೊಬ್ಬರು ತಿಂಗಳುಗಳಿಂದ ಔಷಧಿ ತೆಗೆದುಕೊಂಡಿಲ್ಲ, ಆದರೂ ಅವರ ರಕ್ತದಲ್ಲಿ ವೈರಸ್ ಕಾಣುತ್ತಿಲ್ಲ ಎಂದು ಅದರಲ್ಲಿತ್ತು. ಗಮನಿಸಿದವರು ಕಡಿಮೆ. ಮರುವರ್ಷ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರ ಅಚ್ಚಾದ ಮೇಲೆ ಜಗತ್ತು ತಿರುಗಿ ನೋಡಿತು.

ಆ ರೋಗಿ ಟಿಮೊತಿ ರೇ ಬ್ರೌನ್. ಹುಟ್ಟೂರು ಅಮೆರಿಕದ ಸಿಯಾಟಲ್, ನೆಲೆಸಿದ್ದು ಬರ್ಲಿನ್ನಿನಲ್ಲಿ. 1995ರಲ್ಲಿ ಎಚ್‌ಐವಿ ಇರುವುದು ತಿಳಿಯಿತು. ಮರುವರ್ಷ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂತು, ಬದುಕಿಕೊಂಡರು. 2006ರಲ್ಲಿ ರಕ್ತದ ಕ್ಯಾನ್ಸರ್ ಬಂತು.

ಚಿಕಿತ್ಸೆ ಕೊಟ್ಟ ಗೆರೊ ಹ್ಯೂಟರ್ ಕ್ಯಾನ್ಸರ್ ವೈದ್ಯರು, ಏಡ್ಸ್ ತಜ್ಞರಲ್ಲ. ಆದರೆ ಅವರಿಗೊಂದು ಹಳೆಯ ಓದು ನೆನಪಿತ್ತು. ಎಚ್‌ಐವಿ ಸಾಮಾನ್ಯವಾಗಿ ನಮ್ಮ ಬಿಳಿ ರಕ್ತಕಣದೊಳಗೆ ನುಗ್ಗುವುದು ಸಿಸಿಆರ್5 ಎಂಬ ಬಾಗಿಲಿನಿಂದ. ಉತ್ತರ ಯುರೋಪಿನಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಹುಟ್ಟಿನಿಂದಲೇ ಆ ಬಾಗಿಲಿಲ್ಲ. ಹೇಗೂ ಬೇರೆಯವರ ಸ್ಟೆಮ್ ಸೆಲ್ ಕಸಿ ಮಾಡಬೇಕು, ಅಂಥವರದ್ದನ್ನೇ ಹುಡುಕಿದರೆ? ಪರೀಕ್ಷಿಸಿದ 61ನೆಯ ದಾನಿಯಲ್ಲಿ ಅದು ಸಿಕ್ಕಿತು.

ಬ್ರೌನ್ ಮೊದಲು ಒಪ್ಪಲಿಲ್ಲ. ಕ್ಯಾನ್ಸರ್ ಅಡಗಿತ್ತು, ಎಚ್‌ಐವಿಗೆ ಮಾತ್ರೆಯಿತ್ತು. ಪ್ರಯೋಗದ ಪ್ರಾಣಿಯಾಗುವುದೇಕೆ? ಕ್ಯಾನ್ಸರ್ ಮರುಕಳಿಸಿದಾಗ ಬೇರೆ ದಾರಿ ಉಳಿಯಲಿಲ್ಲ. 2007ರ ಫೆಬ್ರವರಿಯಲ್ಲಿ ಕಸಿಯಾಯಿತು, ಎಚ್‌ಐವಿ ಮಾತ್ರೆ ನಿಂತಿತು. ವೈರಸ್ ಮರಳಲಿಲ್ಲ, ಕ್ಯಾನ್ಸರ್ ಮರಳಿತು. 2008ರ ಆರಂಭದಲ್ಲಿ ಅದೇ ದಾನಿಯಿಂದ ಎರಡನೆಯ ಕಸಿ. ಈ ಸಲ ಬುದ್ಧಿ ಭ್ರಮಿಸಿತು, ಕಣ್ಣು ಮಂಜಾಯಿತು, ನಡೆಯುವುದನ್ನು ಮತ್ತೆ ಕಲಿಯಬೇಕಾಯಿತು. ‘ಗುಣವಾಯಿತು’ ಎಂಬ ಶೀರ್ಷಿಕೆಗಳಲ್ಲಿ ಇದ್ಯಾವುದೂ ಇರಲಿಲ್ಲ.

ಹಾಗಾಗಿ ಈ ಚರಿತ್ರೆಯನ್ನು ಎಚ್ಚರದಿಂದ ಓದಬೇಕು. ಇಂಥ ಕಸಿಯಿಂದ ವೈರಸ್ ನೀಗಿಕೊಂಡವರು ಇಂದಿಗೂ ಬೆರಳೆಣಿಕೆಯಷ್ಟು. ಅವರು ಕಸಿಗೆ ಒಳಗಾದದ್ದು ಕ್ಯಾನ್ಸರಿನ ಕಾರಣಕ್ಕೆ. ಮಾತ್ರೆಯಲ್ಲಿ ಹತೋಟಿಗೆ ಬರುವ ಸೋಂಕಿಗೆ, ಪ್ರಾಣ ತೆಗೆಯಬಲ್ಲ ಈ ಚಿಕಿತ್ಸೆಯನ್ನು ಬಲ್ಲ ವೈದ್ಯರು ಮಾಡುವುದಿಲ್ಲ. ಭಾರತೀಯರಲ್ಲಂತೂ ಬಾಗಿಲಿಲ್ಲದ ಆ ರಕ್ತ ತೀರಾ ವಿರಳ. 1986ರಲ್ಲಿ ಚೆನ್ನೈನಲ್ಲಿ ಮೊದಲ ಸೋಂಕು ಪತ್ತೆಯಾದಾಗಿನಿಂದ ಇಲ್ಲಿ ಜೀವಗಳನ್ನು ಉಳಿಸಿದ್ದು ಕಸಿಯಲ್ಲ. 2001ರಲ್ಲಿ ಸಿಪ್ಲಾ ದಿನಕ್ಕೊಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡಲು ಮುಂದಾದ ಔಷಧಿ, 2004ರ ಏಪ್ರಿಲ್‌ನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಕ್ಕ ಮಾತ್ರೆ. ಸ್ಟೆಮ್ ಸೆಲ್ ಹಾಕಿ ಏಡ್ಸ್ ವಾಸಿ ಮಾಡುತ್ತೇವೆ ಎನ್ನುವ ಅಂಗಡಿಯವನನ್ನು ನಂಬಿ ಆ ಮಾತ್ರೆ ಬಿಟ್ಟವರು ಕಳೆದುಕೊಳ್ಳುವುದು ಪ್ರಾಣವನ್ನೇ.

ಹಾಗಾದರೆ ಬ್ರೌನ್ ಕೊಟ್ಟದ್ದೇನು? ಅಸಾಧ್ಯವೆಂಬ ಮಾತನ್ನು ಅವರ ಮೈ ಸುಳ್ಳು ಮಾಡಿತು. ರೋಗಿಯ ಸ್ವಂತ ಕೋಶದಲ್ಲೇ ಆ ಬಾಗಿಲು ಮುಚ್ಚಬಹುದೇ ಎಂಬ ಸಂಶೋಧನೆಗೆ ಬಲ ಬಂದದ್ದು ಅಲ್ಲಿಂದ. 2010ರಲ್ಲಿ ಅವರು ತಮ್ಮ ಹೆಸರನ್ನು ತಾವೇ ಹೊರಗಿಟ್ಟರು. ಗುಣವಾದವನು ತಾನೊಬ್ಬನೇ ಆಗಿ ಉಳಿಯಬಾರದು ಎಂಬುದು ಅವರ ಆಸೆ.

2019ರಲ್ಲಿ ‘ಲಂಡನ್ ರೋಗಿ’ಯ ಸುದ್ದಿ ಬಂತು. ಮರುವರ್ಷ ಮಾರ್ಚಿನಲ್ಲಿ ಆತನೂ ಹೆಸರು ಹೇಳಿಕೊಂಡರು: ಆಡಂ ಕಾಸ್ಟಿಯೆಹೊ. ಅದೇ ವರ್ಷ ಸೆಪ್ಟೆಂಬರ್ 29ರಂದು, 54ರ ವಯಸ್ಸಿನಲ್ಲಿ ಬ್ರೌನ್ ತೀರಿಕೊಂಡರು. ಕೊಂದದ್ದು ಮರುಕಳಿಸಿದ ಕ್ಯಾನ್ಸರ್. ಎಚ್‌ಐವಿ ಕೊನೆಯವರೆಗೂ ಮರಳಲಿಲ್ಲ.