ನಿಂತ ಚಿತ್ರ ನಡೆಯಲು ಕಲಿತ ಕತೆ

ಯಾವುದಾದರೂ ಆನ್‌ಲೈನ್ ಕೋರ್ಸ್ ತೆರೆದು ನೋಡಿ. ಆಫೀಸಿನ ಸೇಫ್ಟಿ ಟ್ರೇನಿಂಗ್ ಇರಬಹುದು, ಮಕ್ಕಳ ವಾರಾಂತ್ಯದ ಕನ್ನಡ ತರಗತಿಯ ಸ್ಲೈಡುಗಳಿರಬಹುದು. ಹಿನ್ನೆಲೆಯಲ್ಲಿ ಒಂದು ದನಿ ಮಾತಾಡ್ತಾ ಇರುತ್ತೆ, ಪರದೆಯ ಮೇಲೆ ಒಂದು ಫೋಟೋ ಮೆಲ್ಲಗೆ ದೊಡ್ಡದಾಗುತ್ತಾ ಹೋಗುತ್ತೆ. ಇದಕ್ಕೆ 'ಕೆನ್ ಬರ್ನ್ಸ್ ಎಫೆಕ್ಟ್' ಅಂತ ಹೆಸರು. ಈಗ ಒಂದು ಕ್ಲಿಕ್ ಸಾಕು. ಆದರೆ ಇದು ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ಕೆನ್ ಬರ್ನ್ಸ್ ಇದನ್ನು ಕಂಡುಹಿಡಿದವರೂ ಅಲ್ಲ. ಈ ಕತೆಯ ಮುಖ್ಯ ಅಧ್ಯಾಯ ನಡೆದದ್ದು ನಾವಿರುವ ಈ ಕೆನಡಾದಲ್ಲೇ.

ಮೊದಲ ಪ್ರಯತ್ನಗಳು ಯುರೋಪಿನವು. 1930ರ ದಶಕದ ಕೊನೆಯಲ್ಲಿ ಇಟಲಿಯ ಲುಚಿಯಾನೊ ಎಮ್ಮೆರ್, ಜೊತ್ತೊ ಬರೆದ ಭಿತ್ತಿಚಿತ್ರಗಳ ಫೋಟೋಗಳ ಮೇಲೆ ಕ್ಯಾಮೆರಾ ಓಡಿಸಿ ಕತೆ ಹೇಳಿದರು. 1948ರಲ್ಲಿ ಫ್ರಾನ್ಸಿನ ಅಲೆನ್ ರೆನೆ, ವ್ಯಾನ್ ಗೋ ಅವರ ಬದುಕನ್ನು ಅವರ ಚಿತ್ರಗಳಿಂದಲೇ ಕಟ್ಟಿದರು.

ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನ ಕಾಲಿನ್ ಲೋ ಮತ್ತು ವುಲ್ಫ್ ಕೇನಿಗ್ ಅವರ ಮುಂದಿದ್ದದ್ದು ಬೇರೆ ಸವಾಲು. 1896ರಲ್ಲಿ ಯೂಕಾನ್ ಪ್ರದೇಶದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಕೇಳಿ ಸುಮಾರು ಒಂದು ಲಕ್ಷ ಜನ ಹೊರಟರು, ಅವರಲ್ಲಿ ಅರ್ಧದಷ್ಟೂ ಮಂದಿ ತಲುಪಲಿಲ್ಲ. ಆ ಜನಜಾತ್ರೆಯ ನೆನಪಾಗಿ ಉಳಿದಿದ್ದದ್ದು ಗಾಜಿನ ನೆಗೆಟಿವ್‌ಗಳಲ್ಲಿದ್ದ ಫೋಟೋಗಳು. ಅಲ್ಲಾಡದ ಚಿತ್ರಗಳಿಂದ ಸಿನಿಮಾ ಮಾಡೋದು ಹೇಗೆ?

ಫೋಟೋವನ್ನು ಮೇಜಿನ ಮೇಲಿಟ್ಟು, ಮೇಲಿನಿಂದ ಕ್ಯಾಮೆರಾ ತೂಗಿಸಿ, ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್, ಮತ್ತೆ ಸರಿಸಿ ಇನ್ನೊಂದು. ಸೆಕೆಂಡಿಗೆ 24 ಫ್ರೇಮ್ ಅಂದರೆ ಹತ್ತು ಸೆಕೆಂಡಿನ ಚಲನೆಗೆ 240 ಸಲ ಸರಿಸಬೇಕು. ಸಹೋದ್ಯೋಗಿ ರೋಮನ್ ಕ್ರೋಯ್ಟರ್ ಈ ಚಲನೆಯನ್ನು ಲೆಕ್ಕ ಹಾಕಲು ಒಂದು ಸಾಧನವನ್ನೇ ರೂಪಿಸಿದರು. ಯಾರೋ ಕ್ಯಾಮೆರಾ ಹಿಡಿದು ಆ ಬೀದಿಯಲ್ಲೇ ನಿಂತು ನೋಡುತ್ತಿದ್ದಾರೆ ಅನ್ನಿಸಬೇಕು ಅನ್ನೋದು ಉದ್ದೇಶ. ಇದೇ ಕ್ರೋಯ್ಟರ್ ಮುಂದೆ ಐಮ್ಯಾಕ್ಸ್ ಕಟ್ಟಿದವರಲ್ಲೂ ಒಬ್ಬರು.

ಹೀಗೆ 1957ರಲ್ಲಿ 'ಸಿಟಿ ಆಫ್ ಗೋಲ್ಡ್' ಬಂತು. ನಿರೂಪಣೆ ಡಾಸನ್ ಸಿಟಿಯಲ್ಲೇ ಬೆಳೆದ ಪಿಯರ್ ಬರ್ಟನ್ ಅವರದು. ಅವರ ತಂದೆಯೂ 1898ರಲ್ಲಿ ಚಿನ್ನ ಅರಸಿ ಹೋದವರೇ. ಚಿಲ್ಕೂಟ್ ಕಣಿವೆಯ ಹಿಮದ ಏರಿನಲ್ಲಿ ಕಾಣುವ ಕಪ್ಪು ಗೆರೆ, ಇರುವೆ ಸಾಲಿನಂತೆ ಹತ್ತುತ್ತಿರುವ ಮನುಷ್ಯರದ್ದು. ಇಡೀ ಬೆಟ್ಟದ ಮುಂದೆ ಅವರೆಷ್ಟು ಚಿಕ್ಕವರು ಅನ್ನೋದು ಆ ಚಿತ್ರದಲ್ಲಿ ಮಾತಿಲ್ಲದೆ ಮನಸ್ಸಿಗೆ ತಟ್ಟುತ್ತೆ.

ಈ ಚಿತ್ರದಿಂದ ಪ್ರಭಾವಿತರಾದವರಲ್ಲಿ ಅಮೆರಿಕದ ಕೆನ್ ಬರ್ನ್ಸ್ ಒಬ್ಬರು. 1990ರ ಅವರ 'ದ ಸಿವಿಲ್ ವಾರ್' ಸರಣಿಗೂ ಅದೇ ತೊಡಕು: 1861ರಿಂದ 1865ರವರೆಗೆ ನಡೆದ ಯುದ್ಧದ ಕಾಲಕ್ಕೆ ಚಲನಚಿತ್ರವೇ ಇರಲಿಲ್ಲ, ಇದ್ದದ್ದು ಫೋಟೋ ಮತ್ತು ಕಾಗದಪತ್ರ. ಮುಂದೆ ಸ್ಟೀವ್ ಜಾಬ್ಸ್ ಬರ್ನ್ಸ್ ಅವರ ಒಪ್ಪಿಗೆ ಪಡೆದು ಆ ಹೆಸರನ್ನೇ ಬಳಸಿದರು. 2003ರ ಐಮೂವಿಯಲ್ಲಿ ಅದೊಂದು ಬಟನ್ ಆಯಿತು. ಈಗ ಸ್ಲೈಡ್ ಮತ್ತು ಕೋರ್ಸ್ ತಯಾರಿಸುವ ಸಾಫ್ಟ್‌ವೇರ್‌ಗಳಲ್ಲೂ ಝೂಮ್ ಇದ್ದೇ ಇರುತ್ತೆ.

240 ಸಲ ಸರಿಸಬೇಕಾದಾಗ, "ಇಲ್ಲಿ ಯಾಕೆ ಹತ್ತಿರ ಹೋಗಬೇಕು?" ಅನ್ನೋ ಪ್ರಶ್ನೆ ತಾನಾಗೇ ಬರುತ್ತಿತ್ತು. ಬಟನ್ ಬಂದ ಮೇಲೆ ಚಲನೆ ಸುಲಭವಾಯಿತು, ಪ್ರಶ್ನೆ ಮರೆಯಾಯಿತು. ಬಾರ್ ಚಾರ್ಟೂ ಝೂಮ್, ಕಂಪನಿ ಲೋಗೋನೂ ಝೂಮ್!

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 2002ರಲ್ಲಿ ಬಾರ್ಬರಾ ಟ್ವರ್ಸ್ಕಿ ಮತ್ತು ಜೊತೆಗಾರರು ಆವರೆಗಿನ ಅಧ್ಯಯನಗಳನ್ನು ಪರಿಶೀಲಿಸಿದರು. ಸ್ಥಿರ ಚಿತ್ರಕ್ಕಿಂತ ಆನಿಮೇಷನ್ ಹೆಚ್ಚು ಕಲಿಸುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಅವರಿಗೆ ಸಿಗಲಿಲ್ಲ. 2013ರಲ್ಲಿ ಐಫೋನಿನ ಐಓಎಸ್ 7 ಬಂದಾಗ ಅದರ ಝೂಮ್‌ನಿಂದ ತಲೆಸುತ್ತು, ವಾಕರಿಕೆ ಬರುತ್ತೆ ಅಂತ ಹಲವರು ದೂರಿದರು. ಆ ಚಲನೆಯನ್ನು ತಗ್ಗಿಸುವ ಆಯ್ಕೆಯನ್ನು ಆ್ಯಪಲ್ ಕೊಡಬೇಕಾಯಿತು. ಕೋರ್ಸ್ ಮಾಡುವವರು ಇದನ್ನು ನೆನಪಿಡಬೇಕು: ನೋಡುವವರಿಗೆ ಚಲನೆ ನಿಲ್ಲಿಸುವ ದಾರಿ ಇರಲಿ.

ಝೂಮ್ ಅಂದರೆ ಪಾಠದ ಮೇಷ್ಟ್ರು ಬೆರಳಿಟ್ಟು ತೋರಿಸಿದ ಹಾಗೆ. ಬೆರಳು ಸುಮ್ಮನೆ ಆಡ್ತಾನೇ ಇದ್ದರೆ ಮಕ್ಕಳು ನೋಡೋದು ಬೆರಳನ್ನೇ. ನಿಮ್ಮ ಊರಿನ ಕನ್ನಡ ಶಾಲೆಗೆ ಹಂಪಿಯ ಪಾಠ ಮಾಡ್ತಿದ್ದೀರಿ ಅಂದುಕೊಳ್ಳಿ. ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯಲ್ಲಿ ವಿದ್ಯಾರಣ್ಯರ ಮೆರವಣಿಗೆಯ ಚಿತ್ರವಿದೆ. ಮೊದಲು ಇಡೀ ಮೆರವಣಿಗೆ ತೋರಿಸಿ, ಚಿತ್ರ ಅಲ್ಲಾಡದಿರಲಿ. ಮಕ್ಕಳ ಕಣ್ಣು ತಾನೇ ಅಡ್ಡಾಡಲಿ. ಆಮೇಲೆ, "ಪಲ್ಲಕ್ಕಿಯಲ್ಲಿ ಕೂತಿರೋದು ಯಾರು?" ಅಂತ ಕೇಳಿ. ಝೂಮ್ ಶುರುವಾಗಬೇಕಾದದ್ದು ಆಗ, ಮತ್ತು ಮುಖ ಕಂಡ ಕೂಡಲೇ ಅದು ನಿಲ್ಲಬೇಕು.