ಹುಳುಮನೆಯ ದುಡಿಮೆ ಯಾರ ಲೆಕ್ಕದಲ್ಲಿ?

ಬೆಂಗಳೂರಿನಿಂದ ಕನಕಪುರದ ದಾರಿ ಹಿಡಿದರೆ, ಕಗ್ಗಲೀಪುರ ದಾಟಿದ ಮೇಲೆ ಹಾರೋಹಳ್ಳಿ ಸಿಗುತ್ತದೆ. ಇಂದು ಅಲ್ಲಿ ನಿಮ್ಮ ಕಣ್ಣಿಗೆ ಮೊದಲು ಬೀಳುವುದು ಕೈಗಾರಿಕಾ ಪ್ರದೇಶದ ಕಟ್ಟಡಗಳು. ಆದರೆ ಈ ಸೀಮೆಯ ಹಳೆಯ ಬದುಕು ರಾಗಿ ಮತ್ತು ಹಿಪ್ಪುನೇರಳೆಯದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಸಕ್ತಿಯಿಂದ ಮೈಸೂರು ಸೀಮೆಗೆ ಬಂದ ರೇಷ್ಮೆ ಹುಳು, ಕಾಲಕ್ರಮದಲ್ಲಿ ಕನಕಪುರ, ರಾಮನಗರ, ಚನ್ನಪಟ್ಟಣಗಳ ಸುತ್ತಲಿನ ಹಳ್ಳಿಗಳ ಮನೆಕಸುಬಾಯಿತು.

ಮನೆಕಸುಬು ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ಹುಳು ಮನೆಯೊಳಗೇ ಬೆಳೆಯುತ್ತದೆ. ಮರಿ ಹೊರಬಂದಾಗಿನಿಂದ ಗೂಡು ಕಟ್ಟುವವರೆಗೆ ಸುಮಾರು 25ರಿಂದ 28 ದಿನ. ನಡುವೆ ನಾಲ್ಕು ಬಾರಿ ಹುಳು ಮೇವು ಬಿಟ್ಟು ಪೊರೆ ಕಳಚುತ್ತದೆ. ರೈತರು ಅದನ್ನು ‘ಜ್ವರ’ ಎನ್ನುತ್ತಾರೆ. ಸೊಪ್ಪು ಕೊಯ್ದು ತರಬೇಕು, ಮರಿಗಳಿಗೆ ಸಣ್ಣಗೆ ಹೆಚ್ಚಿ ಹಾಕಬೇಕು, ತಟ್ಟೆಯ ಕಸ ತೆಗೆಯಬೇಕು. ನಾಲ್ಕನೆಯ ಜ್ವರ ಎದ್ದ ಮೇಲಂತೂ ಹಗಲು ರಾತ್ರಿ ಎನ್ನದೆ ಹುಳು ತಿನ್ನುತ್ತದೆ. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ ಬಿಡಬೇಕು. ಇವುಗಳಲ್ಲಿ ಬಹುಪಾಲು ಕೆಲಸ ಹೆಂಗಸರದು; ಕೈಗೆ ಬಂದ ಹೆಣ್ಣುಮಕ್ಕಳದೂ ಹೌದು. ಗೂಡಿನ ಚೀಲ ಹೊತ್ತು ರಾಮನಗರದ ಮಾರುಕಟ್ಟೆಗೆ ಹೋಗಿ, ಹರಾಜು ಮುಗಿಸಿ, ಹಣ ಎಣಿಸಿಕೊಂಡು ಬರುವವರು ಮಾತ್ರ ಹೆಚ್ಚಾಗಿ ಗಂಡಸರು.

ಈಗ ಜನಗಣತಿಯವರು ಬಾಗಿಲಿಗೆ ಬಂದರೆನ್ನಿ. “ನಿಮ್ಮ ಕೆಲಸವೇನಮ್ಮ?” ಎಂದರೆ “ಮನೆಗೆಲಸ” ಎಂಬ ಉತ್ತರ ಬರುತ್ತದೆ. ಹುಳುಮನೆಯೂ ಮನೆಯೇ ತಾನೆ!

1961ರ ಗಣತಿಯಲ್ಲಿ, ಹಂಗಾಮಿನ ಬಹುಪಾಲು ದಿನ ಒಂದು ಗಂಟೆಗಿಂತ ಹೆಚ್ಚು ಕೆಲಸ ಮಾಡಿದವರನ್ನೂ ದುಡಿಯುವವರೆಂದು ಬರೆದುಕೊಂಡಿದ್ದರು. 1971ರಲ್ಲಿ ‘ನಿಮ್ಮ ಮುಖ್ಯ ಚಟುವಟಿಕೆ ಯಾವುದು’ ಎಂದು ಕೇಳಲಾಯಿತು. ಪರಿಣಾಮ ನೋಡಿ: ದೇಶದಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಸುಮಾರು 5.9 ಕೋಟಿಯಿಂದ 3.1 ಕೋಟಿಗೆ ಇಳಿಯಿತು. ಹತ್ತು ವರ್ಷಗಳಲ್ಲಿ ಅಷ್ಟು ಮಂದಿ ಕುಡುಗೋಲು ಕೆಳಗಿಟ್ಟು ಕುಳಿತರೆಂದು ಯಾರೂ ನಂಬಲಾರರು. ಇಳಿಕೆಯ ಬಹುಭಾಗ ಪ್ರಶ್ನೆ ಬದಲಾದುದರ ಫಲ. ಸರ್ಕಾರದ ಸಾಲ, ತರಬೇತಿ, ಯಂತ್ರಗಳು ಲೆಕ್ಕದಲ್ಲಿರುವ ದುಡಿಮೆಗಾರರನ್ನು ಹುಡುಕಿಕೊಂಡು ಹೋಗುತ್ತವೆಯಾದ್ದರಿಂದ, ಇದನ್ನು ಕೇವಲ ಕಾಗದದ ಮಾತೆಂದು ತಳ್ಳಿಹಾಕುವಂತಿಲ್ಲ.

ಈ ಗಂಟನ್ನು ಬಿಡಿಸಲು ಹೊರಟವರಲ್ಲಿ ಪ್ರಮುಖರು ನಮ್ಮವರೇ ಆದ ದೇವಕಿ ಜೈನ್. 1933ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ದೆಹಲಿಯ ಮಿರಾಂಡಾ ಹೌಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವರು. 1970ರ ದಶಕದ ನಡುವಿನಲ್ಲಿ ಅವರೂ ಮಾಲಿನಿ ಚಂದ್ ಅವರೂ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಆರು ಹಳ್ಳಿಗಳಲ್ಲಿ ಬೇರೊಂದು ದಾರಿ ಹಿಡಿದರು. ‘ಏನು ಕೆಲಸ’ ಎಂದು ಕೇಳುವುದರ ಬದಲು, ಯಾರು ಎಷ್ಟು ಹೊತ್ತು ಏನು ಮಾಡುತ್ತಾರೆಂದು ಕಣ್ಣಾರೆ ನೋಡಿ ಬರೆದುಕೊಳ್ಳುವುದು. ಗಡಿಯಾರವಿಲ್ಲದ ಮನೆಗಳಲ್ಲಿ ಇದು ತಾಳ್ಮೆಯ ಕೆಲಸ. ‘ದುಡಿಯದವರು’ ಎನಿಸಿಕೊಂಡ ಹೆಂಗಸರು ದನಕರು, ಮೇವು, ಕಾಳು ಹಸನು ಮಾಡುವುದು ಎಂದು ದಿನವಿಡೀ ದುಡಿಯುತ್ತಿದ್ದುದು ಹೀಗೆ ಬರಹಕ್ಕೆ ಬಂತು. ಮಕ್ಕಳ ದುಡಿಮೆಯೂ ಬಂತು. ಶಾಲೆಯ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ: ತಾಯಿ ಹೊಲದಲ್ಲಿದ್ದಾಗ ತಮ್ಮನನ್ನು ಎತ್ತಿಕೊಂಡಿರುವ ಹುಡುಗಿಗೆ ಪಾಠಕ್ಕೆ ಹೊತ್ತೆಲ್ಲಿ? 1991ರಲ್ಲಿ ಕರ್ನಾಟಕದ ಗಂಡಸರಲ್ಲಿ ಶೇಕಡಾ 67ರಷ್ಟು ಅಕ್ಷರಸ್ಥರಿದ್ದರೆ, ಹೆಂಗಸರಲ್ಲಿ ಶೇಕಡಾ 44 ಮಾತ್ರ. ಈ ಅಂತರವನ್ನು ಪೋಷಕರ ಅಜ್ಞಾನವೆಂದು ಹೇಳಿ ಮುಗಿಸುವುದು ಸುಲಭ. ಮನೆಯ ಗಂಟೆಗಳನ್ನು ಎಣಿಸಿದವರು ಹಾಗೆ ಹೇಳಲಾರರು.

ಮುಂದೆ ದೇವಕಿ ಜೈನ್ ಅವರ ಸಂಸ್ಥೆ, ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸ್ಟಡೀಸ್ ಟ್ರಸ್ಟ್, ಕರ್ನಾಟಕದ ರೇಷ್ಮೆ ಅಭಿವೃದ್ಧಿ ಯೋಜನೆಯಲ್ಲಿ ಹೆಂಗಸರ ಪಾತ್ರವೇನೆಂಬುದನ್ನೂ ಅಧ್ಯಯನ ಮಾಡಿತು. ಹಾರೋಹಳ್ಳಿಯ ಸುತ್ತಿನ ಹುಳುಮನೆಗಳಿಗೆ ನೇರವಾಗಿ ತಟ್ಟುವ ವಿಷಯವಿದು. ತೋಟದ ವಿಸ್ತೀರ್ಣ ಹೆಚ್ಚಿಸಿ ಎಂದರೆ ಸೊಪ್ಪು ಹೆಚ್ಚಿತು, ಹುಳು ಹೆಚ್ಚಿತು. ಅದಕ್ಕೆ ಬೇಕಾದ ಗಂಟೆಗಳು ಯಾರ ನಿದ್ದೆಯಿಂದ ಬರಬೇಕು?

1984ರ ಆಗಸ್ಟಿನಲ್ಲಿ ಬಡ ರಾಷ್ಟ್ರಗಳ ಮಹಿಳಾ ಚಿಂತಕರು ಬೆಂಗಳೂರಿನಲ್ಲಿ ಸೇರಿ ‘ಡಾನ್’ ಎಂಬ ಬಳಗ ಕಟ್ಟಿದರು. ಅದರ ಮೂಲದಲ್ಲಿಯೂ ದೇವಕಿ ಜೈನ್ ಇದ್ದರು. ಮರುವರ್ಷ ನೈರೋಬಿಯಲ್ಲಿ ನಡೆದ ವಿಶ್ವ ಮಹಿಳಾ ಸಮ್ಮೇಳನಕ್ಕೆ ಈ ಬಳಗ ತನ್ನ ವಾದ ಒಯ್ದಿತು. ದೇಶದೊಳಗೂ ಒತ್ತಾಯ ಹೆಚ್ಚಿ, 1991ರ ಗಣತಿಯ ಪ್ರಶ್ನೆಗೆ ‘ಹೊಲದಲ್ಲಿ ಅಥವಾ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವೂ ಸೇರಿದಂತೆ’ ಎಂಬರ್ಥದ ಮಾತು ಸೇರಿತು. ಒಂದು ಸಾಲು, ಅದಕ್ಕೆ ಹಿಡಿದದ್ದು ಇಪ್ಪತ್ತು ವರ್ಷ.

1998–99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕ ಸಮಯ ಸಮೀಕ್ಷೆ ನಡೆಯಿತು; ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಇಡೀ ದೇಶದ ಸಮೀಕ್ಷೆ ಆದದ್ದು 2019ರಲ್ಲಿ. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 97 ನಿಮಿಷ. ಆ ನಮೂನೆಯಲ್ಲಿ ಆರು ವರ್ಷ ತುಂಬಿದ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಅದರ ದಿನ ಶುರುವಾಗುವುದು ಬೆಳಗಿನ ಜಾವ ನಾಲ್ಕಕ್ಕೆ, ಮುಗಿಯುವುದು ಮರುದಿನ ಜಾವ ನಾಲ್ಕಕ್ಕೆ. ನಾಲ್ಕನೆಯ ಜ್ವರ ಎದ್ದ ಹುಳುವಿಗೆ ನಡುರಾತ್ರಿ ಹಾಕಿದ ಸೊಪ್ಪಿಗೂ ಅಲ್ಲಿ ಅರ್ಧ ಗಂಟೆಯ ಒಂದು ಮನೆಯಿದೆ.